ಸ್ಪ್ಯಾನಿಷ್ ಕ್ರಿಯಾಪದ: ಇಂಗ್ಲಿಷ್ ಮೂಲಕ ಕಲಿಯುವವರ ಪ್ರಶ್ನೆಗಳು

ಈ ಸಲದ ಪ್ರಶ್ನೆಗಳೆಲ್ಲ ಸ್ಪ್ಯಾನಿಷ್ ಕ್ರಿಯಾಪದಗಳ ಬಗ್ಗೆಯೇ ಇವೆ. ಕೇಳಿದವರೆಲ್ಲ ಇಂಗ್ಲಿಷ್ ಪಠ್ಯಪುಸ್ತಕ ಇಟ್ಟುಕೊಂಡು ಕಲಿಯುತ್ತಿರುವವರು. ಉತ್ತರ ಓದುವ ಮೊದಲು ಒಂದು ಸೂಚನೆ: ಸ್ಪ್ಯಾನಿಷ್ ಪದಗಳನ್ನು ಕನ್ನಡದಲ್ಲಿ ಬರೆಯುವಾಗ ಉಚ್ಚಾರದ ಒತ್ತು ಬೀಳುವ ಸ್ವರವನ್ನು ದೀರ್ಘವಾಗಿ ಬರೆದಿದ್ದೇವೆ. ಅದನ್ನು ಎಳೆದು ಹೇಳಬೇಕಿಲ್ಲ, ಒತ್ತಿ ಹೇಳಿದರೆ ಸಾಕು.

ಪ್ರಶ್ನೆ: ಪದಗಳು ಬೇಗ ಬಾಯಿಗೆ ಹತ್ತಿದವು. ಆದರೆ ಒಂದೊಂದು ಕ್ರಿಯಾಪದಕ್ಕೂ ಪುಟ ತುಂಬ ಕೋಷ್ಟಕ! ಸ್ಪ್ಯಾನಿಷ್ ಸುಲಭ ಎಂದು ಹೇಳಿದವರು ಯಾರು?

ಅಮೆರಿಕದ ವಿದೇಶಾಂಗ ಇಲಾಖೆಯ ಭಾಷಾ ತರಬೇತಿ ಸಂಸ್ಥೆಯೇ ಹೇಳಿದೆ. ಇಂಗ್ಲಿಷ್ ಬಲ್ಲವರಿಗೆ ತೀರಾ ಸುಲಭವಾದ ಭಾಷೆಗಳ ಗುಂಪಿನಲ್ಲಿ ಅದು ಸ್ಪ್ಯಾನಿಷನ್ನೂ ಸೇರಿಸಿದೆ. ಆ ಮಾತು ಪದಸಂಪತ್ತಿಗೆ ಒಪ್ಪುತ್ತದೆ, ಕ್ರಿಯಾಪದಕ್ಕಲ್ಲ. ಇಂಗ್ಲಿಷಿನ 'ಸ್ಪೀಕ್'ಗೆ ಇರುವುದು ಐದೇ ರೂಪ: ಸ್ಪೀಕ್, ಸ್ಪೀಕ್ಸ್, ಸ್ಪೋಕ್, ಸ್ಪೋಕನ್, ಸ್ಪೀಕಿಂಗ್. ಸ್ಪ್ಯಾನಿಷಿನ 'ಅಬ್ಲಾರ್' (ಮಾತಾಡು) ಐದು ಸರಳ ಕಾಲಗಳಲ್ಲಿ ಆರಾರು ರೂಪ ತಾಳುತ್ತದೆ, ಅಲ್ಲಿಗೆ 30. ಸಬ್‌ಜಂಕ್ಟಿವ್ (ಬಯಕೆ, ಸಂಶಯ ಮುಂತಾದ ಕಡೆ ಬರುವ ರೂಪ), ಆಜ್ಞಾರೂಪ, ಕೃದಂತಗಳನ್ನು ಸೇರಿಸಿದರೆ 50ರ ಆಸುಪಾಸು.

ಇಷ್ಟನ್ನೂ ಉರು ಹೊಡೆಯುವುದು ವ್ಯರ್ಥ. ಪ್ರತಿ ಕ್ರಿಯಾಪದದ ನಾಲ್ಕು ರೂಪ ಕಲಿತರೆ ಮಿಕ್ಕವನ್ನು ನೀವೇ ಕಟ್ಟಿಕೊಳ್ಳಬಹುದು. 'ಇರುವುದು, ಹೊಂದಿರುವುದು' ಎಂಬರ್ಥದ ಕ್ರಿಯಾಪದವನ್ನೇ ನೋಡಿ: ತೆನೇರ್, ತೇಂಗೊ, ತುಬ್ಯೇರೊನ್, ತೆನೀದೊ. ಮೊದಲನೆಯದು ಮೂಲರೂಪ, ಇಂಪರ್ಫೆಕ್ಟ್ (ನಡೆಯುತ್ತಿದ್ದುದನ್ನು ಹೇಳುವ ಭೂತಕಾಲ) ಹುಟ್ಟುವುದು ಇದರಿಂದ (ತೆನೀಯ). ಎರಡನೆಯದು ವರ್ತಮಾನದ 'ನಾನು' ರೂಪ. ಕೊನೆಯ 'ಒ' ತೆಗೆದರೆ ವರ್ತಮಾನ ಸಬ್‌ಜಂಕ್ಟಿವ್‌ನ ಬುಡ ಸಿಗುತ್ತದೆ (ತೇಂಗ, ತೇಂಗಸ್). ಈ ಸೂತ್ರ ಮುರಿಯುವ ಕ್ರಿಯಾಪದಗಳು ಆರೇ: ಸೇರ್, ಎಸ್ತಾರ್ (ಎರಡೂ 'ಇರು'), ಈರ್ (ಹೋಗು), ಅಬೇರ್ (ಸಹಾಯಕ ಕ್ರಿಯಾಪದ), ಸಬೇರ್ (ತಿಳಿ), ದಾರ್ (ಕೊಡು). ಮೂರನೆಯದು, ಮುಗಿದದ್ದನ್ನು ಹೇಳುವ ಭೂತಕಾಲವಾದ ಪ್ರೆಟೆರಿಟ್‌ನ 'ಅವರು' ರೂಪ. 'ರೊನ್' ಕಳಚಿ 'ರ' ಹಚ್ಚಿದರೆ ಭೂತಕಾಲದ ಸಬ್‌ಜಂಕ್ಟಿವ್ (ತುಬ್ಯೇರ). ಇದಕ್ಕೆ ಅಪವಾದವೇ ಇಲ್ಲ, ಸ್ಪ್ಯಾನಿಷ್ ವ್ಯಾಕರಣದಲ್ಲಿ ಇಂಥ ಉಪಕಾರ ಅಪರೂಪ. ನಾಲ್ಕನೆಯದನ್ನು 'ಅಬೇರ್' ಜೊತೆ ಸೇರಿಸಿದರೆ ಸಂಯುಕ್ತ ಕಾಲಗಳೆಲ್ಲ ಬಂದವು.

ಇದರಿಂದ ತಪ್ಪಿಸಿಕೊಳ್ಳುವುದು ಮುಖ್ಯವಾಗಿ ಭವಿಷ್ಯತ್ ಕಾಲ. ಸಾಮಾನ್ಯವಾಗಿ ಮೂಲರೂಪಕ್ಕೇ ಪ್ರತ್ಯಯ ಹತ್ತುತ್ತದೆ (ಅಬ್ಲರೇ), ಆದರೆ 12 ಮೂಲ ಕ್ರಿಯಾಪದಗಳು ಬುಡ ಬದಲಿಸುತ್ತವೆ (ತೆಂದ್ರೇ, ಸಲ್ದ್ರೇ, ಅರೇ). ಅವುಗಳಿಗೆ ಅವಸರ ಬೇಡ. 'ಬೋಯ್ ಅ' ಮುಂದೆ ಮೂಲರೂಪ ಇಟ್ಟರೆ ('ಬೋಯ್ ಅ ಸಲೀರ್', ಹೊರಡಲಿದ್ದೇನೆ) ದಿನದ ಮಾತಿಗೆ ಧಾರಾಳ ಸಾಕು.

ಇನ್ನೊಂದು ಮಾತು. ಕ್ರಿಯಾಪದದ ತುದಿಯಲ್ಲೇ 'ಯಾರು' ಎಂಬುದು ಅಡಗಿರುವುದು ಇಂಗ್ಲಿಷಿನವರಿಗೆ ಹೊಸತು, ನಿಮಗಲ್ಲ. 'ಬಂದೆ', 'ಬಂದೆವು', 'ಬಂದರು' ಎನ್ನುವಾಗ ನೀವು ಸರ್ವನಾಮ ಹುಡುಕುವುದಿಲ್ಲ. ಸ್ಪ್ಯಾನಿಷಿನಲ್ಲೂ ಪ್ರತಿ ವಾಕ್ಯಕ್ಕೆ 'ಯೋ, ಯೋ' ಎನ್ನುವುದು ಇಂಗ್ಲಿಷಿನಿಂದ ಅಂಟಿದ ಚಾಳಿ. ಕೇಳುವವರಿಗೆ ಅದು 'ನಾನೇ, ನಾನೇ' ಎಂದಂತೆ ಕೇಳಿಸುತ್ತದೆ.

ಪ್ರಶ್ನೆ: ಪೆನ್ಸಾರ್ (ಯೋಚಿಸು) 'ಪ್ಯೇನ್ಸೊ' ಆಗುತ್ತದೆ, ಆದರೆ 'ನಾವು' ಬಂದಾಗ 'ಪೆನ್ಸಾಮೊಸ್'. ಪುಸ್ತಕದಲ್ಲಿ ಬೂಟಿನ ಚಿತ್ರ ಬರೆದು, ಬೂಟಿನೊಳಗಿನ ನಾಲ್ಕು ರೂಪ ಮಾತ್ರ ಬದಲಾಗುತ್ತವೆ ಎಂದಿದ್ದಾರೆ. ಯಾಕೆ ಹೀಗೆ?

ಬೂಟಿನ ಚಿತ್ರ ಕಣ್ಣಿಗೆ, ಕಾರಣ ಇರುವುದು ಕಿವಿಯಲ್ಲಿ. ಲ್ಯಾಟಿನ್ನಿನ ಹ್ರಸ್ವ 'ಎ', 'ಒ'ಗಳ ಮೇಲೆ ಒತ್ತು ಬಿದ್ದ ಕಡೆ ಅವು ಸ್ಪ್ಯಾನಿಷಿನಲ್ಲಿ 'ಯೆ', 'ವೆ' ಆಗಿ ಒಡೆದವು. ಒತ್ತು ಬೀಳದ ಕಡೆ ಹಾಗೇ ಉಳಿದವು. ಪ್ಯೇನ್ಸೊ, ಪ್ಯೇನ್ಸಸ್, ಪ್ಯೇನ್ಸ, ಪ್ಯೇನ್ಸನ್: ನಾಲ್ಕರಲ್ಲೂ ಒತ್ತು ಬುಡದ ಮೇಲಿದೆ. ಪೆನ್ಸಾಮೊಸ್, ಪೆನ್ಸಾಯ್ಸ್: ಒತ್ತು ಬಾಲಕ್ಕೆ ಸರಿದಿದೆ, ಬುಡ ಒಡೆಯಲಿಲ್ಲ. ದೊರ್ಮೀರ್ (ಮಲಗು) ದ್ವೇರ್ಮೊ ಆಗಿ, ದೊರ್ಮೀಮೊಸ್ ಆಗಿ ಉಳಿಯುವುದೂ ಇದೇ ಲೆಕ್ಕ. ಪ್ರೆಟೆರಿಟ್‌ನಲ್ಲಿ 'ಪೆನ್ಸೇ', 'ಪೆನ್ಸೋ' ಎಂದು ಒತ್ತು ಕೊನೆಗೆ ಹೋಗುವುದರಿಂದ ಅಲ್ಲಿಯೂ ಒಡೆಯುವುದಿಲ್ಲ.

'ಪ್ಯೆನ್ಸಾಮೊಸ್' ಎನ್ನುವುದು ಕಲಿಯುವವರ ಮಾಮೂಲಿ ತಪ್ಪು. ಒತ್ತನ್ನು ಸರಿಯಾದ ಕಡೆ ಇಟ್ಟು ನಾಲ್ಕು ಸಲ ಗಟ್ಟಿಯಾಗಿ ಹೇಳಿ ನೋಡಿ, ಅದು ತಾನಾಗಿ ಬಿದ್ದುಹೋಗುತ್ತದೆ. ಎರಡು ಎಚ್ಚರಿಕೆ ಮಾತ್ರ ಬೇಕು. 'ಎ' ಇರುವ ಬುಡವೆಲ್ಲ ಒಡೆಯುವುದಿಲ್ಲ: ದೆಬೇರ್ 'ದೇಬೊ' ಆಗಿಯೇ ಉಳಿಯುತ್ತದೆ. ಮೂಲರೂಪ ನೋಡಿ ಇದನ್ನು ಊಹಿಸಲಾಗದು, 'ನಾನು' ರೂಪವನ್ನು ಜೊತೆಗೇ ಕಲಿಯಬೇಕು ಎನ್ನುವುದು ಅದಕ್ಕೇ. ಮತ್ತೆ, 'ಈರ್' ಎಂದು ಕೊನೆಯಾಗುವ ಇಂಥ ಕ್ರಿಯಾಪದಗಳು ಪ್ರೆಟೆರಿಟ್‌ನ 'ಅವನು', 'ಅವರು' ರೂಪಗಳಲ್ಲಿ ಬುಡವನ್ನು ಸ್ವಲ್ಪ ಕುಗ್ಗಿಸಿಕೊಳ್ಳುತ್ತವೆ: ದುರ್ಮ್ಯೋ, ಪಿದ್ಯೋ.

ಪ್ರಶ್ನೆ: 'ಆಬ್ಲೊ' ಎಂದೆ, ಎದುರಿನವರಿಗೆ 'ಅವನು ಮಾತಾಡಿದ' ಎಂದು ಅರ್ಥವಾಯಿತು.

ನೀವು ಬಹುಶಃ 'ಅಬ್ಲೋ' ಎಂದಿರಿ. 'ಆಬ್ಲೊ' ಎಂದರೆ ಮಾತಾಡುತ್ತೇನೆ, 'ಅಬ್ಲೋ' ಎಂದರೆ ಮಾತಾಡಿದ. ಹಾಗೆಯೇ 'ಆಬ್ಲೆ' ಸಬ್‌ಜಂಕ್ಟಿವ್, 'ಅಬ್ಲೇ' ಎಂದರೆ ಮಾತಾಡಿದೆ. ಬರವಣಿಗೆಯಲ್ಲಿ ಅಕ್ಷರದ ಮೇಲಿನ ಆ ಸಣ್ಣ ಗೀಟು ಅಲಂಕಾರವಲ್ಲ, ಕಾಲ ಮತ್ತು ಕರ್ತೃ ಎರಡನ್ನೂ ಬದಲಿಸುತ್ತದೆ.

ಇದರ ತಿರುವುಮುರುವು ಒಂದು ಗುಂಪಿದೆ: ತೂಬೆ, ಪೂದೆ, ಪೂಸೆ, ಸೂಪೆ, ಈಸೆ, ಬೀನೆ, ದೀಹೆ. ಇವೂ 'ನಾನು' ಪ್ರೆಟೆರಿಟ್ ರೂಪಗಳೇ, ಆದರೆ ಒತ್ತು ಬುಡದ ಮೇಲೆ, ಗೀಟು ಇಲ್ಲ. 'ತುಬೀ' ಎನ್ನಬೇಡಿ. 'ಹೇಳಿದರು' ಎನ್ನಲು 'ದಿಹೇರೊನ್'. ಬುಡ 'ಹ' ಧ್ವನಿಯಲ್ಲಿ ಮುಗಿದಾಗ ನಡುವೆ 'ಯ' ಬರುವುದಿಲ್ಲ.

ಪ್ರಶ್ನೆ: ಭೂತಕಾಲ ಎರಡೇಕೆ? ಇಂಗ್ಲಿಷಿನ 'ವಾಸ್'ಗೆ ಏರ, ಫ್ವೇ, ಎಸ್ತಾಬ, ಎಸ್ತೂಬೊ ಎಂದು ನಾಲ್ಕು ಕೊಟ್ಟಿದ್ದಾರೆ. ಯಾವುದನ್ನು ಆರಿಸುವುದು?

ಇಂಗ್ಲಿಷ್ ವಾಕ್ಯ ಎದುರಿಗಿಟ್ಟುಕೊಂಡು ಆರಿಸುವವರೆಗೆ ಇದು ಬಗೆಹರಿಯುವುದಿಲ್ಲ, ಏಕೆಂದರೆ ಬೇಕಾದ ಭೇದವೇ ಆ ವಾಕ್ಯದಲ್ಲಿ ಇಲ್ಲ. ಕನ್ನಡದಲ್ಲಿ ಇದೆ. 'ಓದುತ್ತಿದ್ದೆ' ಎಂದರೆ ಇಂಪರ್ಫೆಕ್ಟ್: ಲೆಯೀಯ. 'ಓದಿದೆ' ಎಂದರೆ ಪ್ರೆಟೆರಿಟ್: ಲೆಯೀ. 'ದಿನಾ ಓದುತ್ತಿದ್ದೆ', 'ಅವರು ಬಂದಾಗ ಓದುತ್ತಿದ್ದೆ', ಎರಡಕ್ಕೂ ಕನ್ನಡದಲ್ಲಿ ಒಂದೇ ರೂಪ. ಸ್ಪ್ಯಾನಿಷಿನಲ್ಲೂ ಎರಡನ್ನೂ ಇಂಪರ್ಫೆಕ್ಟ್ ಒಂದೇ ಹೇಳುತ್ತದೆ. ಇಂಗ್ಲಿಷ್ ಒಂದಕ್ಕೆ 'ಯೂಸ್ಡ್ ಟು' ಅಥವಾ 'ವುಡ್', ಇನ್ನೊಂದಕ್ಕೆ 'ವಾಸ್ ರೀಡಿಂಗ್' ಎನ್ನುತ್ತದೆ. ಈ 'ವುಡ್' ನೋಡಿ ಕಂಡೀಷನಲ್ (ಷರತ್ತಿನ ರೂಪ) ಹಾಕಿ ಕೆಡುವವರು ಬಹಳ. ಚಿಕ್ಕವನಿದ್ದಾಗ ಹೋಗುತ್ತಿದ್ದೆ ಎನ್ನಲು 'ಈಬ', 'ಇರೀಯ' ಅಲ್ಲ.

'ಅರ್ಥವೇ ಬದಲಾಗುವ ಕ್ರಿಯಾಪದಗಳು' ಎಂದು ಇಂಗ್ಲಿಷ್ ಪುಸ್ತಕಗಳು ಒಂದು ಬೇರೆ ಪಟ್ಟಿ ಕೊಟ್ಟು ಹೆದರಿಸುತ್ತವೆ. ಕನ್ನಡಿಗರಿಗೆ ಆ ಪಟ್ಟಿ ದಂಡ. 'ಸಬೀಯ' ಎಂದರೆ ಗೊತ್ತಿತ್ತು, 'ಸೂಪೆ' ಎಂದರೆ ಗೊತ್ತಾಯಿತು. 'ಕೊನೊಸೀಯ' ಎಂದರೆ ಪರಿಚಯವಿತ್ತು, 'ಕೊನೊಸೀ' ಎಂದರೆ ಪರಿಚಯವಾಯಿತು. 'ನೋ ಕೆರೀಯ' ಎಂದರೆ ಇಷ್ಟವಿರಲಿಲ್ಲ, 'ನೋ ಕೀಸೊ' ಎಂದರೆ ಒಪ್ಪಲಿಲ್ಲ. 'ಇತ್ತು' ಮತ್ತು 'ಆಯಿತು' ನಡುವಿನ ಅಂತರವೇ ಇಡೀ ಪಾಠ.

ಕನ್ನಡ ಕೈಕೊಡುವುದು 'ಇದ್ದೆ' ಬಂದಾಗ. 'ಆಗ ಮನೆಯಲ್ಲಿದ್ದೆ', 'ಅಲ್ಲಿ ಮೂರು ವರ್ಷ ಇದ್ದೆ': ನಮಗೆ ಎರಡೂ ಒಂದೇ. ಸ್ಪ್ಯಾನಿಷಿನಲ್ಲಿ ಮೊದಲನೆಯದು 'ಎಸ್ತಾಬ', ಎರಡನೆಯದು 'ಎಸ್ತೂಬೆ'. ಇಷ್ಟು ವರ್ಷ, ಇಷ್ಟು ಗಂಟೆ ಎಂದು ಅವಧಿಗೆ ಬೇಲಿ ಹಾಕಿ ಮುಗಿಸಿದರೆ ಪ್ರೆಟೆರಿಟ್. ಎಷ್ಟು ದೀರ್ಘ ಕಾಲ ಎಂಬುದು ಮುಖ್ಯವಲ್ಲ. 'ಬಹಳ ದಿನ ನಡೆದದ್ದು, ಹಾಗಾಗಿ ಇಂಪರ್ಫೆಕ್ಟ್' ಎಂದುಕೊಳ್ಳುವುದು ದೊಡ್ಡ ತಪ್ಪು.

ಇಷ್ಟರ ಮೇಲೆ ಒಂದು ಸಮಾಧಾನ: ಇಂಪರ್ಫೆಕ್ಟ್‌ನಲ್ಲಿ ಅನಿಯಮಿತ ಕ್ರಿಯಾಪದಗಳು ಮೂರೇ. ಸೇರ್ (ಏರ), ಈರ್ (ಈಬ), ಬೇರ್ (ಬೆಯೀಯ).

ಪ್ರಶ್ನೆ: ಸೇರ್, ಎಸ್ತಾರ್ ವ್ಯತ್ಯಾಸಕ್ಕೆ 'ಶಾಶ್ವತ, ತಾತ್ಕಾಲಿಕ' ಎಂಬ ಸೂತ್ರ ಸಾಲದೆ?

ಸಾಲದು. ಸತ್ತವರ ಬಗ್ಗೆ 'ಎಸ್ತಾ ಮ್ವೇರ್ತೊ' ಎನ್ನುತ್ತಾರೆ, ಅದಕ್ಕಿಂತ ಶಾಶ್ವತವಾದದ್ದು ಏನಿದೆ? ಕನ್ನಡದಲ್ಲಿ ಕ್ರಿಯಾಪದವೇ ಬೇಡದ ಕಡೆ ('ಅವರು ಡಾಕ್ಟರ್') ಸೇರ್. 'ಇರು' ಬೇಕಾದ ಕಡೆ ('ಮನೆಯಲ್ಲಿದ್ದಾರೆ', 'ದಣಿದಿದ್ದಾರೆ', 'ಸತ್ತಿದ್ದಾರೆ') ಎಸ್ತಾರ್. ಇದು ಮುಕ್ಕಾಲುಪಾಲು ಸರಿಹೋಗುತ್ತದೆ. ತಪ್ಪುವುದು ಕಾರ್ಯಕ್ರಮಗಳಲ್ಲಿ: ಸಭೆ ಇಂಥ ಕೋಣೆಯಲ್ಲಿದೆ ಎನ್ನಲು ಸೇರ್ ಬೇಕು. ಹಸಿವು, ವಯಸ್ಸಿಗೆ ಎರಡೂ ಅಲ್ಲ, ತೆನೇರ್: 'ತೇಂಗೊ ಆಂಬ್ರೆ' (ಹಸಿವಾಗಿದೆ).

ಪ್ರಶ್ನೆ: ಸಬ್‌ಜಂಕ್ಟಿವ್ ಎಂದರೆ ಸಂಶಯ ಎಂದು ಕಲಿತೆ. ಆದರೆ ಸಂಶಯವೇ ಇಲ್ಲದ ಕಡೆಯೂ ಬರುತ್ತದಲ್ಲ?

ಬರುತ್ತದೆ. 'ನೀನು ಇಲ್ಲಿರುವುದು ಸಂತೋಷ' ಎನ್ನುವಾಗ ನೀನು ಇಲ್ಲಿರುವುದು ಖಚಿತವೇ, ಆದರೂ 'ಎಸ್ತೇಸ್'. ಆ ಉಪವಾಕ್ಯವನ್ನು ನೀವು ಸುದ್ದಿಯಾಗಿ ಸಾರುತ್ತಿದ್ದೀರಾ ಎಂದು ಕೇಳಿಕೊಳ್ಳಿ. 'ಬರುತ್ತಾನೆ ಎಂದುಕೊಂಡಿದ್ದೇನೆ' ಸಾರಿಕೆ, ಹಾಗಾಗಿ 'ಕ್ರೇಯೊ ಕೆ ಬ್ಯೇನೆ'. 'ಬರುತ್ತಾನೆ ಅಂತ ಅನಿಸುವುದಿಲ್ಲ' ಸಾರಿಕೆಯಲ್ಲ, ಹಾಗಾಗಿ 'ನೋ ಕ್ರೇಯೊ ಕೆ ಬೇಂಗ'. ಸಂತೋಷದ ವಾಕ್ಯದಲ್ಲಿ ಸುದ್ದಿ ಸಂತೋಷದ್ದು, ಇರುವಿಕೆಯದ್ದಲ್ಲ.

ಬಯಕೆ ಹೇಳುವಾಗ ಕನ್ನಡದ 'ಬರಲಿ' ನೇರ ಹೊಂದುತ್ತದೆ: 'ಕೆ ಬೇಂಗ'. ಇಂಗ್ಲಿಷಿನ 'ಐ ವಾಂಟ್ ಯು ಟು ಕಮ್' ಅಚ್ಚು ಹಾಕಿದರೆ 'ಕ್ಯೇರೊ ತೂ ಬೆನೀರ್' ಎಂದಾಗಿ ವಾಕ್ಯ ಕುಸಿಯುತ್ತದೆ. ಹೇಳಬೇಕಾದ್ದು 'ಕ್ಯೇರೊ ಕೆ ಬೇಂಗಸ್'. ಬಯಸುವವರೂ ಬರುವವರೂ ಒಬ್ಬರೇ ಆದರೆ ಮಾತ್ರ ಮೂಲರೂಪ: 'ಕ್ಯೇರೊ ಬೆನೀರ್'. ಕನ್ನಡವೂ ಇಂಗ್ಲಿಷೂ ಎರಡೂ ಸಹಾಯ ಮಾಡದ ಜಾಗ 'ಕ್ವಾಂದೊ' (ಯಾವಾಗ). ಪ್ರತಿ ಸಲ ಬಂದಾಗ ಎನ್ನಲು 'ಕ್ವಾಂದೊ ಬ್ಯೇನೆಸ್', ಮುಂದೆ ಬಂದಾಗ ಎನ್ನಲು 'ಕ್ವಾಂದೊ ಬೇಂಗಸ್'. ಇದನ್ನು ಬೇರೆಯಾಗಿಯೇ ಅಭ್ಯಾಸ ಮಾಡಬೇಕು.

ಪ್ರಶ್ನೆ: 'ನೀವುಗಳು' ಎಂಬ ಬೊಸೋತ್ರೊಸ್ ರೂಪ ಕಲಿಯಲೇಬೇಕೆ?

ಸ್ಪೇನಿಗೆ ಹೋಗುವುದಾದರೆ ಹೌದು. ಲ್ಯಾಟಿನ್ ಅಮೆರಿಕದಲ್ಲಿ ಅದರ ಜಾಗಕ್ಕೆ ಉಸ್ತೇದೆಸ್ ಇದೆ, ಕ್ರಿಯಾಪದ 'ಅವರು' ರೂಪದ್ದೇ. ಆರರಲ್ಲಿ ಒಂದು ಕಡಿಮೆಯಾಯಿತು. ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ ಮತ್ತು ಮಧ್ಯ ಅಮೆರಿಕದ ಬಹುಭಾಗದಲ್ಲಿ 'ತೂ' (ನೀನು) ಬದಲು 'ಬೋಸ್' ಬಳಕೆಯಲ್ಲಿದೆ. ಅಲ್ಲಿ ಒತ್ತು ಬಾಲಕ್ಕೆ ಹೋಗುವುದರಿಂದ ಬುಡ ಒಡೆಯುವುದಿಲ್ಲ: ಪ್ವೇದೆಸ್ ಅಲ್ಲ ಪೊದೇಸ್, ತ್ಯೇನೆಸ್ ಅಲ್ಲ ತೆನೇಸ್.

ಪ್ರಶ್ನೆ: ಆ್ಯಪ್‌ನಲ್ಲಿ ಖಾಲಿ ಜಾಗ ತುಂಬುವಾಗ ಎಲ್ಲ ಸರಿ. ಮಾತಿಗೆ ನಿಂತರೆ ರೂಪ ಬಾಯಿಗೆ ಬರುವುದಿಲ್ಲ.

ಕೋಷ್ಟಕವನ್ನು ನಾನು, ನೀನು, ಅವನು ಎಂದು ಮೇಲಿನಿಂದ ಕೆಳಗೆ ಓದಿ ಕಲಿತರೆ ಹೀಗಾಗುತ್ತದೆ. ಬೇಕಾದ ರೂಪಕ್ಕೆ ಪ್ರತಿ ಸಲ ಮೊದಲಿನಿಂದ ಎಣಿಸಿಕೊಂಡು ಬರಬೇಕಾಗುತ್ತದೆ. ಮಾತಿನಲ್ಲಿ ಹೆಚ್ಚಾಗಿ ಆಗುವುದು ಬೇರೆ: 'ನೀನು' ರೂಪದಲ್ಲಿ ಪ್ರಶ್ನೆ, 'ನಾನು' ರೂಪದಲ್ಲಿ ಉತ್ತರ. ಅದನ್ನೇ ಜೋಡಿಯಾಗಿ ಕಲಿಯಿರಿ. ತ್ಯೇನೆಸ್? ತೇಂಗೊ. ಪ್ವೇದೆಸ್? ಪ್ವೇದೊ. ತುಬೀಸ್ತೆ? ತೂಬೆ. ಫ್ವೀಸ್ತೆ? ಫ್ವೀ. (ಕೊನೆಯದು 'ಹೋದೆಯಾ'ಗೂ 'ಆಗಿದ್ದೆಯಾ'ಗೂ ಒಂದೇ, ಈರ್ ಮತ್ತು ಸೇರ್ ಪ್ರೆಟೆರಿಟ್‌ನಲ್ಲಿ ಒಂದಾಗಿವೆ, ಸಂದರ್ಭ ನೋಡಿ ತಿಳಿಯಬೇಕು.) ಇಂಗ್ಲಿಷಿನ 'ಡು', 'ಡಿಡ್'ಗೆ ಇಲ್ಲಿ ಪ್ರತಿರೂಪ ಹುಡುಕಬೇಡಿ, ಅದು ಇಲ್ಲ.

ಸೇರ್, ಎಸ್ತಾರ್, ತೆನೇರ್, ಈರ್, ಅಸೇರ್, ಪೊದೇರ್, ಕೆರೇರ್, ದೆಸೀರ್, ಸಬೇರ್, ಬೆನೀರ್: ಈ ಹತ್ತರಿಂದ ಶುರು ಮಾಡಿ. ಪ್ರಶ್ನೆಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಒಂದೊಂದರ ನಡುವೆ ಮೂರು ಸೆಕೆಂಡ್ ಬಿಡಿ, ಆ ಬಿಡುವಿನಲ್ಲಿ ಗಟ್ಟಿಯಾಗಿ ಉತ್ತರಿಸಿ. ದಿನಕ್ಕೆ ಹತ್ತು ನಿಮಿಷ ಸಾಕು. ಮೊದಲು ವರ್ತಮಾನ, ಅದು ತಡವರಿಸದೆ ಬಂದ ಮೇಲೆ ಪ್ರೆಟೆರಿಟ್, ಆಮೇಲೆ ಎರಡನ್ನೂ ಬೆರೆಸಿ. ಯಾವುದಾದರೂ ರೂಪದ ಬಗ್ಗೆ ಅನುಮಾನ ಬಂದರೆ 1713ರಲ್ಲಿ ಸ್ಥಾಪನೆಯಾದ ಸ್ಪ್ಯಾನಿಷ್ ರಾಯಲ್ ಅಕಾಡೆಮಿಯ ಆನ್‌ಲೈನ್ ನಿಘಂಟು ತೆರೆಯಿರಿ. ಕ್ರಿಯಾಪದದ ಪೂರ್ತಿ ಕೋಷ್ಟಕ ಅಲ್ಲಿ ಉಚಿತವಾಗಿ ಸಿಗುತ್ತದೆ.