ಹೊಸ ಫ್ರೆಂಚ್ ರೆಸ್ಟೋರೆಂಟಿಗೆ ಸಸ್ಯಾಹಾರಿ ತಂದೆತಾಯಿಯನ್ನು ಊಟಕ್ಕೆ ಕರೆದೊಯ್ಯಬಹುದೇ?

ಬೆಂಗಳೂರಿನಲ್ಲಿ ನಿಮ್ಮ ಮನೆಯ ಹತ್ತಿರ ಹೊಸದಾಗಿ ತೆರೆದಿರುವ ಫ್ರೆಂಚ್ ರೆಸ್ಟೋರೆಂಟಿಗೆ ಸಸ್ಯಾಹಾರಿಗಳಾದ ತಂದೆತಾಯಿಯನ್ನು ಭಾನುವಾರ ಮಧ್ಯಾಹ್ನ ಕರೆದೊಯ್ಯಬಹುದೇ, ಅಲ್ಲಿ ಅವರು ತಿನ್ನುವಂಥದ್ದು ಏನಾದರೂ ಸಿಗುತ್ತದೆಯೇ ಎಂದು ನೀವು ಕೇಳಿದ್ದೀರಿ. ಧಾರಾಳವಾಗಿ ಕರೆದೊಯ್ಯಿರಿ. ಆದರೆ ಹಿಂದಿನ ದಿನವೇ ಫೋನ್ ಮಾಡಿ, ಸೂಪಿಗೂ ಸಾಸಿಗೂ ಬಳಸುವ ಸ್ಟಾಕ್, ಅಂದರೆ ಕುದಿಸಿ ಇಳಿಸಿದ ಸಾರು, ಯಾವುದರದ್ದು ಎಂದು ವಿಚಾರಿಸಿಕೊಂಡು ಹೊರಡಿ. ಅವರ ಮೆನುವಿನಲ್ಲಿ ತರಕಾರಿಗೆ ಕೊರತೆ ಇರುವುದಿಲ್ಲ. ತೊಂದರೆ ಇರುವುದು ಆ ತರಕಾರಿ ಬೆಂದ ನೀರಿನಲ್ಲಿ.

ಕಳೆದ ತಿಂಗಳು ನಾನು ನನ್ನ ತಾಯಿಯೊಂದಿಗೆ ಇಂಥದೇ ಒಂದು ಹೊಸ ರೆಸ್ಟೋರೆಂಟಿಗೆ ಹೋಗಿದ್ದೆ, ಹೆಸರು ಬೇಡ. ಅಮ್ಮನಿಗೆ ಈರುಳ್ಳಿ ಸೂಪ್ ಹಿಡಿಸಬಹುದೆಂದು ಎಣಿಸಿ ಕೇಳಿದಾಗ, ಬಡಿಸುವ ಹುಡುಗ "ಪ್ಯೂರ್ ವೆಜ್ ಮೇಡಂ, ಬರೀ ಈರುಳ್ಳಿ" ಎಂದು ನಗುತ್ತಲೇ ಭರವಸೆ ಕೊಟ್ಟ. ಅಡುಗೆಮನೆಯಲ್ಲಿ ಒಮ್ಮೆ ಕೇಳಿ ಬರುವಂತೆ ಹೇಳಿದೆ. ಹೋದವನು ಐದು ನಿಮಿಷದ ಮೇಲೆ ಮುಖ ಸಣ್ಣದು ಮಾಡಿಕೊಂಡು ಬಂದು, ಅದರಲ್ಲಿ ಚಿಕನ್ ಸ್ಟಾಕ್ ಇದೆ ಎಂದ. ಅವನು ಸುಳ್ಳು ಹೇಳಿರಲಿಲ್ಲ. ಬಟ್ಟಲಿನಲ್ಲಿ ಅವನ ಕಣ್ಣಿಗೆ ಬೀಳುತ್ತಿದ್ದದ್ದು ಕಂದು ಬಣ್ಣಕ್ಕೆ ತಿರುಗಿದ ಈರುಳ್ಳಿ, ಬ್ರೆಡ್ಡಿನ ಒಂದು ತುಂಡು, ಅದರ ಮೇಲೆ ಕರಗಿದ ಚೀಸ್, ಅಷ್ಟೇ. ಮೂಲ ಪದ್ಧತಿಯಲ್ಲಾದರೆ ಆ ಸೂಪಿಗೆ ದನದ ಮೂಳೆಯ ಸಾರು ಹಾಕುತ್ತಾರೆ. ಮೂಳೆ ಮತ್ತು ತರಕಾರಿಯನ್ನು ಗಂಟೆಗಟ್ಟಲೆ ಕುದಿಸಿ ಇಳಿಸಿದ ಇಂಥ ಸಾರಿಗೆ ಫ್ರೆಂಚ್ ಅಡುಗೆಯವರು 'ಫೋಂ' ಎನ್ನುತ್ತಾರೆ. ತಳಪಾಯ ಎಂದೇ ಆ ಪದದ ಅರ್ಥ. ಅನ್ನವನ್ನು ಪಿಲಾಫ್ ಮಾಡುವಾಗ, ಕ್ಯಾರೆಟ್ ಬೇಯಿಸುವಾಗ, ಕೆಲವು ಬಿಳಿ ಸಾಸುಗಳಿಗೆ ಕೂಡ ಅದನ್ನೇ ಸುರಿಯುವ ರೂಢಿ ಇರುವುದರಿಂದ, ತಟ್ಟೆಯನ್ನು ನೋಡಿ ಸಸ್ಯಾಹಾರವೋ ಅಲ್ಲವೋ ಎಂದು ಹೇಳುವುದು ಯಾರಿಗೂ ಸಾಧ್ಯವಿಲ್ಲ. ಬಿಳಿ ಸಾಸುಗಳ ಪೈಕಿ ಬೆಶಮೆಲ್ ಎಂಬುದು ಹಾಲು, ಬೆಣ್ಣೆ, ಮೈದಾದಿಂದ ಆಗುವಂಥದ್ದು, ಅದಕ್ಕೆ ಅಂಜಬೇಕಿಲ್ಲ. ವೆಲೂತೆ ಎಂದು ಬರೆದಿದ್ದರೆ ಮಾತ್ರ ಕೇಳಲೇಬೇಕು, ಅದಕ್ಕೆ ಹಾಲಿನ ಬದಲು ಸ್ಟಾಕ್ ಹಾಕುತ್ತಾರೆ.

ಹಾಗಾದರೆ ಏನು ತರಿಸಬೇಕು? ಗ್ರಾತ್ಯಾಂ ದೊಫಿನ್ವಾ ಇದ್ದರೆ ಯೋಚನೆಯಿಲ್ಲದೆ ತರಿಸಿ: ತೆಳ್ಳಗೆ ಹೆಚ್ಚಿದ ಆಲೂಗಡ್ಡೆಯನ್ನು ಹಾಲು, ಕೆನೆ, ಬೆಳ್ಳುಳ್ಳಿಯ ಜೊತೆ ಓವನ್ನಿನಲ್ಲಿ ಬೇಯಿಸಿರುತ್ತಾರೆ, ಹಳೆಯ ಪದ್ಧತಿಯವರು ಅದಕ್ಕೆ ಮೊಟ್ಟೆಯನ್ನೂ ಚೀಸನ್ನೂ ಹಾಕುವುದಿಲ್ಲ. ದಕ್ಷಿಣ ಫ್ರಾನ್ಸಿನ ನೀಸ್ ಕಡೆಯ ರಟಟೂಯಿ ಕೂಡ ಸುರಕ್ಷಿತ. ಬದನೆಕಾಯಿ, ಜುಕಿನಿ, ದೊಣ್ಣೆಮೆಣಸಿನಕಾಯಿಗಳನ್ನು ಆಲಿವ್ ಎಣ್ಣೆಯಲ್ಲಿ ಬೇರೆಬೇರೆಯಾಗಿ ಬಾಡಿಸಿ, ಕೊನೆಗೆ ಈರುಳ್ಳಿ ಮತ್ತು ಟೊಮೆಟೊ ಜೊತೆ ಸಣ್ಣ ಉರಿಯಲ್ಲಿ ಕೂಡಿಸುವುದು ಅದರ ಸರಿಯಾದ ಕ್ರಮ. ಎಲ್ಲವನ್ನೂ ಒಟ್ಟಿಗೆ ಪಾತ್ರೆಗೆ ಹಾಕಿದವರ ರಟಟೂಯಿ ಮೊದಲ ತುತ್ತಿಗೇ ಗೊತ್ತಾಗುತ್ತದೆ, ಏಕೆಂದರೆ ಬದನೆಕಾಯಿ ಕರಗಿ ಗೊಜ್ಜಾಗಿರುತ್ತದೆ. ಖಾರ ಇರುವುದಿಲ್ಲವೆಂದು ತಂದೆತಾಯಿಗೆ ಮೊದಲೇ ಹೇಳಿಡಿ.

ನಮ್ಮ ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಗ್ಯಾಲೆಟ್. ಬಕ್‌ವೀಟ್ (ಹಿಂದಿಯಲ್ಲಿ ಕುಟ್ಟು) ಹಿಟ್ಟು, ನೀರು, ಉಪ್ಪು ಇಷ್ಟನ್ನೇ ಕಲಸಿ, ದುಂಡನೆಯ ಕಬ್ಬಿಣದ ಕಾವಲಿಯ ಮೇಲೆ ಹೊಯ್ದು, ಸೌಟಿನ ಬದಲು ಅಡ್ಡಪಟ್ಟಿಯಿರುವ ಒಂದು ಮರದ ಕಡ್ಡಿಯಿಂದ ತೆಳ್ಳಗೆ ಹರಡುತ್ತಾರೆ. ಅಡುಗೆಮನೆ ಗಾಜಿನಾಚೆಗೆ ಕಾಣುತ್ತಿದ್ದುದರಿಂದ ಅಮ್ಮ ಎದ್ದು ಹೋಗಿ ನಿಂತು ನೋಡಿ ಬಂದು, "ಕಾವಲಿ ಇನ್ನೂ ಕಾಯಬೇಕಿತ್ತು, ಮೊದಲನೇದು ಎದ್ದೇ ಬರಲಿಲ್ಲ ನೋಡು" ಎಂದು ತೀರ್ಪು ಕೊಟ್ಟರು. ಎರಡನೆಯದರ ಅಂಚು ಗರಿಗರಿಯಾಗಿ ಎದ್ದಿತ್ತು, ನಾಲ್ಕೂ ಬದಿಗಳನ್ನು ಒಳಕ್ಕೆ ಮಡಚಿ ನಡುವೆ ಅಣಬೆಯನ್ನೂ ಪಾಲಕನ್ನೂ ಇಟ್ಟಿದ್ದರು. ಮೆನುವಿನಲ್ಲಿ 'ಕಂಪ್ಲೆತ್' ಎಂದಿರುವ ಗ್ಯಾಲೆಟ್ಟಿನಲ್ಲಿ ಹಂದಿಮಾಂಸ ಮತ್ತು ಮೊಟ್ಟೆ ಇರುತ್ತದೆ, ಅದನ್ನು ತಪ್ಪಿಸಿ. ಕೀಶ್ ಲೊರೇನ್, ಲಿಯೋನ್ ಶೈಲಿಯ ಸಲಾಡ್ ಇವುಗಳಲ್ಲಿಯೂ ಅವೆರಡೂ ಇರುತ್ತವೆ. ನೀಸ್ ಶೈಲಿಯ ಸಲಾಡಿನಲ್ಲಿ ಮೀನು ಇರುತ್ತದೆ.

ಚೀಸ್ ವಿಷಯದಲ್ಲಿ ನಿಮ್ಮ ತಂದೆತಾಯಿ ಎಷ್ಟು ಕಟ್ಟುನಿಟ್ಟು ಎಂಬುದು ನಿಮಗೇ ಗೊತ್ತು. ಕೊಂತೆ, ಗ್ರುಯೇರ್‌ಗಳಂಥ ಹೆಸರಾಂತ ಚೀಸ್‌ಗಳಿಗೆ ಹಾಲನ್ನು ಒಡೆಸುವುದು ಕರುವಿನ ಜಠರದಿಂದ ತೆಗೆದ ರೆನೆಟ್ಟಿನಿಂದ; ನಮ್ಮ ದೇಶದಲ್ಲಿ ತಯಾರಾಗುವ ಚೀಸ್‌ಗೆ ಸಾಮಾನ್ಯವಾಗಿ ಸೂಕ್ಷ್ಮಜೀವಿಗಳಿಂದ ಪಡೆದದ್ದನ್ನು ಬಳಸುತ್ತಾರೆ. ಆದ್ದರಿಂದ ಆಮದು ಮಾಡಿದ್ದೋ ಇಲ್ಲಿಯದೋ ಎಂದು ಕೇಳಿದರೆ ಸಾಕು. ಸಿಹಿಯಲ್ಲಿ ಮೊಟ್ಟೆ ತಪ್ಪಿದ್ದಲ್ಲ: ಕ್ರೆಮ್ ಬ್ರೂಲೆಯಲ್ಲಿ ಹಳದಿ ಭಾಗ, ಚಾಕೊಲೇಟ್ ಮೂಸ್‌ನಲ್ಲಿ ಬಿಳಿ ಭಾಗ. ಹಣ್ಣಿನ ರಸವನ್ನು ಹೆಪ್ಪುಗಟ್ಟಿಸಿದ ಸೋರ್ಬೆ ತರಿಸಿಕೊಳ್ಳುವುದು ಕ್ಷೇಮ.

ದಿನವನ್ನು ಮಾತ್ರ ಬದಲಿಸಿಕೊಳ್ಳಿ ಎನ್ನುತ್ತೇನೆ. ಫ್ರಾನ್ಸಿನಲ್ಲಿ ವಾರದ ದಿನಗಳ ಮಧ್ಯಾಹ್ನ 'ಫೊರ್ಮ್ಯುಲ್' ಎಂಬ ನಿಗದಿತ ಊಟ ಇರುತ್ತದೆ; ಮೊದಲ ತಿನಿಸು ಮತ್ತು ಮುಖ್ಯ ತಿನಿಸು, ಇಲ್ಲವೇ ಮುಖ್ಯ ತಿನಿಸು ಮತ್ತು ಸಿಹಿ, ರಾತ್ರಿಯ ಬೆಲೆಗಿಂತ ಸಾಕಷ್ಟು ಕಡಿಮೆಗೆ ಸಿಗುತ್ತವೆ. ಇಲ್ಲಿಯ ಹಲವು ರೆಸ್ಟೋರೆಂಟುಗಳೂ ವಾರದ ದಿನಗಳಲ್ಲಿ ಸೆಟ್ ಲಂಚ್ ಇಡುತ್ತವೆ, ಭಾನುವಾರ ಇಡುವುದಿಲ್ಲ. ಜೊತೆಗೆ ಭಾನುವಾರದ ಜನಸಂದಣಿಯಲ್ಲಿ ಸ್ಟಾಕ್ ಬಗ್ಗೆ ಕೇಳಿಬರಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಮೆನುವಿನಲ್ಲಿ 'ಆಂತ್ರೆ' ಎಂದಿದ್ದರೆ ಅದು ಮೊದಲ ತಿನಿಸು; ಅಮೆರಿಕದವರು ಅದೇ ಪದವನ್ನು ಮುಖ್ಯ ತಿನಿಸಿಗೆ ಬಳಸುವುದರಿಂದ ಗೊಂದಲವಾಗುತ್ತದೆ. ಬಿಲ್ಲಿನಲ್ಲಿ ಸರ್ವೀಸ್ ಚಾರ್ಜ್ ತಾನಾಗಿ ಸೇರಿಕೊಂಡಿದ್ದರೆ ತೆಗೆಸಿ. ಹಾಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿಯೇ ಹೇಳಿದೆ, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿದಿದೆ.

ಇನ್ನೊಂದು ವಿಷಯ, ಹಲ್ಲು. ಕೂತ ಕೂಡಲೇ ತಂದಿಡುವ ಬ್ಯಾಗೆಟ್ ಬ್ರೆಡ್ಡಿನ ಹೊರಮೈ ಗಟ್ಟಿಯಾಗಿರುತ್ತದೆ. ಕಟ್ಟಿಸಿದ ಹಲ್ಲಿನ ನಮ್ಮ ಅಮ್ಮ ಅದನ್ನು ಕಚ್ಚಲಾರದೆ ಬದಿಗಿಟ್ಟುಕೊಂಡಿದ್ದರು. ಕೊನೆಗೆ ಕಾಫಿ ಬಂದಾಗ, ರಸ್ಕಿನಂತೆ ಅದರಲ್ಲಿ ಅದ್ದಿ ತಿಂದರು. ಅಕ್ಕಪಕ್ಕದವರು ನೋಡುತ್ತಾರೆಂದು ನಾನು ಸಂಕೋಚಪಟ್ಟುಕೊಂಡದ್ದು ದಂಡ, ಫ್ರೆಂಚರು ಬೆಳಗಿನ ಹೊತ್ತು ಮಾಡುವುದೂ ಅದನ್ನೇ.