ಕಡಿಮೆ ಬಜೆಟ್ಟಿನ ಗೇಮಿಂಗ್ ಪಿಸಿ: ದುಡ್ಡು ಯಾವ ಭಾಗಕ್ಕೆ ಹಾಕಬೇಕು?

ನೀವು ಕೊಟ್ಟ ಪಟ್ಟಿ ನೋಡಿದೆ: 8 ಕೋರ್ ಪ್ರೊಸೆಸರ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 16 ಜಿಬಿಯ ಒಂದೇ ರ‍್ಯಾಮ್, ಬಣ್ಣದ ಲೈಟಿರುವ ಗಾಜಿನ ಕ್ಯಾಬಿನೆಟ್, ಅದರ ಜೊತೆಗೇ ಬರುವ, ಎಲ್ಲ ಭಾಗಗಳಿಗೂ ವಿದ್ಯುತ್ ಕೊಡುವ 450 ವಾಟ್ ಎಸ್‌ಎಂಪಿಎಸ್. ಮಾನಿಟರ್ 1080ಪಿ, 60 ಹರ್ಟ್ಜ್. ಆಡುವುದು ಹೆಚ್ಚಾಗಿ ಕಥೆಯಿರುವ ಓಪನ್ ವರ್ಲ್ಡ್ ಗೇಮ್‌ಗಳು. ಇದನ್ನೇ ತಗೊಳ್ಳಲಾ, ಸೆಕೆಂಡ್ ಹ್ಯಾಂಡ್ ಕಾರ್ಡ್ ಆಗುತ್ತಾ ಅಂತ ಕೇಳಿದ್ದೀರಿ.

ದಯವಿಟ್ಟು ಈ ಪಟ್ಟಿಯನ್ನು ಹೀಗೇ ತಗೋಬೇಡಿ. ಅದೇ ದುಡ್ಡಿಗೆ ಇದಕ್ಕಿಂತ ಎಷ್ಟೋ ಒಳ್ಳೆಯ ಮಷಿನ್ ಬರುತ್ತದೆ. ಪ್ರೊಸೆಸರಿಗೂ ಕ್ಯಾಬಿನೆಟ್ಟಿಗೂ ಸುರಿದಿರುವುದನ್ನು ಗ್ರಾಫಿಕ್ಸ್ ಕಾರ್ಡಿನ ಕಡೆಗೂ ಎಸ್‌ಎಂಪಿಎಸ್ ಕಡೆಗೂ ತಿರುಗಿಸಬೇಕು.

ಯಾಕೆ ಅಂತ ಹೇಳ್ತೀನಿ. ತೆರೆಯ ಮೇಲೆ ಬರುವ ಪ್ರತಿ ಚಿತ್ರಕ್ಕೂ, ಅಂದರೆ ಪ್ರತಿ ಫ್ರೇಮ್‌ಗೂ ಎರಡು ಹಂತದ ಕೆಲಸವಿದೆ. ಶತ್ರು ಯಾವ ಕಡೆ ಓಡಿದ, ಗುಂಡು ಎಲ್ಲಿ ತಗುಲಿತು, ಈಗ ಏನೇನು ಬಿಡಿಸಬೇಕು ಅನ್ನುವುದನ್ನು ಪ್ರೊಸೆಸರ್ ಲೆಕ್ಕ ಹಾಕುತ್ತದೆ. ಆಮೇಲೆ ಅದನ್ನು ಪಿಕ್ಸೆಲ್ ಪಿಕ್ಸೆಲ್ ಆಗಿ ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್. 1080ಪಿಯಲ್ಲಿ ಫ್ರೇಮಿಗೆ ಸುಮಾರು 20.7 ಲಕ್ಷ ಪಿಕ್ಸೆಲ್. 60 ಎಫ್‌ಪಿಎಸ್ (ಸೆಕೆಂಡಿಗೆ 60 ಫ್ರೇಮ್) ಬೇಕೆಂದರೆ ಒಂದು ಫ್ರೇಮಿಗೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಕಾರ್ಡ್ ಒಂದು ಫ್ರೇಮ್ ಬಿಡಿಸುವಾಗಲೇ ಪ್ರೊಸೆಸರ್ ಮುಂದಿನದರ ಲೆಕ್ಕ ಹಾಕುತ್ತಿರುತ್ತದೆ, ಹಾಗಾಗಿ ಎರಡರಲ್ಲಿ ನಿಧಾನವಾದದ್ದೇ ವೇಗವನ್ನು ನಿರ್ಧರಿಸುತ್ತದೆ. ಪ್ರೊಸೆಸರ್ ತನ್ನ ಪಾಲಿನ ಕೆಲಸವನ್ನು 8 ಮಿಲಿಸೆಕೆಂಡಿನಲ್ಲಿ ಮುಗಿಸಿದರೂ ಕಾರ್ಡಿಗೆ 30 ಬೇಕಾದರೆ ನಿಮಗೆ ಸಿಗುವುದು 33 ಎಫ್‌ಪಿಎಸ್. ಇನ್ನಷ್ಟು ದುಡ್ಡು ಹಾಕಿ 5 ಮಿಲಿಸೆಕೆಂಡಿನಲ್ಲಿ ಮುಗಿಸುವ ಪ್ರೊಸೆಸರ್ ತಂದರೂ ಅದೇ 33. ನಿಮ್ಮ ಪಟ್ಟಿಯ ತೊಂದರೆ ಇದೇ.

ಹಾಗಾಗಿ ಪ್ರೊಸೆಸರ್ 6 ಕೋರ್, 12 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲುಗಳು) ಇದ್ದರೆ ನಿಮಗೆ ಧಾರಾಳ ಸಾಕು. ರೈಜನ್ 5 5600 ಅಥವಾ ಕೋರ್ ಐ5-12400ಎಫ್, ಎರಡರಲ್ಲಿ ಯಾವುದು ಅಗ್ಗಕ್ಕೆ ಸಿಗುತ್ತೋ ಅದು. ಎರಡರಲ್ಲೂ ಒಳಗೇ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕದೆ ತೆರೆ ಬೆಳಗುವುದಿಲ್ಲ. 5600ಜಿ ಅಂತ ಇನ್ನೊಂದಿದೆ. ಒಳಗೆ ಗ್ರಾಫಿಕ್ಸ್ ಇದೆ ನಿಜ, ಆದರೆ ಎಲ್3 ಕ್ಯಾಶ್ (ಪ್ರೊಸೆಸರಿನ ಒಳಗೇ ಇರುವ ವೇಗದ ಮೆಮೊರಿ) 32 ಎಂಬಿ ಬದಲು 16 ಮಾತ್ರ. ಕಾರ್ಡ್ ಹೇಗೂ ತಗೊಳ್ಳುವವರಿಗೆ ಅದು ಬೇಡ. 144 ಹರ್ಟ್ಜ್ ಮಾನಿಟರಿನಲ್ಲಿ ಸ್ಪರ್ಧೆಯ ಶೂಟಿಂಗ್ ಗೇಮ್ ಆಡುವವರಾಗಿದ್ದರೆ ಪ್ರೊಸೆಸರಿನ ಬಗ್ಗೆ ಬೇರೆ ಮಾತು ಹೇಳುತ್ತಿದ್ದೆ.

ಕಾರ್ಡಿನ ಮೆಮೊರಿಯಲ್ಲಿ 8 ಜಿಬಿಗಿಂತ ಕೆಳಗೆ ಇಳಿಯಬೇಡಿ. 4 ಜಿಬಿ ತುಂಬಿದ ಮೇಲೆ ಗೋಡೆ, ರಸ್ತೆಗಳ ಮೇಲೆ ಹೊದಿಸುವ ಚಿತ್ರಗಳು, ಅಂದರೆ ಟೆಕ್ಸ್ಚರ್‌ಗಳು ರ‍್ಯಾಮಿನಿಂದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ (ಕಾರ್ಡ್ ಕೂರಿಸುವ ಜಾಗ) ಮೂಲಕ ಓಡಾಡಬೇಕು. ಕಾರ್ಡಿನ ಸ್ವಂತ ಮೆಮೊರಿಗೆ ಹೋಲಿಸಿದರೆ ಆ ದಾರಿ ಬಹಳ ನಿಧಾನ. ಸರಾಸರಿ ಎಫ್‌ಪಿಎಸ್ ಚೆನ್ನಾಗಿ ಕಂಡರೂ ಊರೊಳಗೆ ಗಾಡಿ ಓಡಿಸುವಾಗ ಗೇಮ್ ತಡೆತಡೆದು ನಿಲ್ಲುತ್ತದೆ. ಆರ್‌ಎಕ್ಸ್ 6600 ನಿಮ್ಮ ಮಾನಿಟರಿಗೆ ಚೆನ್ನಾಗಿ ಹೊಂದುತ್ತದೆ: 8 ಜಿಬಿ, ವಿದ್ಯುತ್ ಬಳಕೆ 132 ವಾಟ್. ಹೆಸರೊಂದನ್ನೇ ನಂಬಬೇಡಿ. ಆರ್‌ಟಿಎಕ್ಸ್ 3060 ಎಂಬ ಒಂದೇ ಹೆಸರಿನಲ್ಲಿ 12 ಜಿಬಿ, 192 ಬಿಟ್ ಬಸ್ಸಿನದೂ (ಬಸ್ ಅಂದರೆ ಚಿಪ್ಪಿನಿಂದ ಮೆಮೊರಿಗೆ ಹೋಗುವ ದಾರಿ) ಇದೆ, 8 ಜಿಬಿ, 128 ಬಿಟ್ಟಿನದೂ ಇದೆ. ವೇಗದಲ್ಲಿ ಎರಡೂ ಒಂದೇ ಅಲ್ಲ.

ಈಗ ಎಸ್‌ಎಂಪಿಎಸ್. ಎಲ್ಲರೂ ಕೊನೆಯಲ್ಲಿ ಉಳಿದ ಚಿಲ್ಲರೆಗೆ ತಗೊಳ್ಳುವುದು ಇದನ್ನೇ, ಆದರೆ ಕೆಟ್ಟರೆ ಮಿಕ್ಕ ಭಾಗಗಳನ್ನೂ ಸುಟ್ಟು ಹಾಕಬಲ್ಲದ್ದು ಇದೇ. ಡಬ್ಬಿಯ ಮೇಲಿನ ದೊಡ್ಡ ಅಂಕಿ ಬಿಡಿ, ಪಕ್ಕದಲ್ಲಿ ಅಂಟಿಸಿರುವ ಲೇಬಲ್ ಓದಿ. ಅಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪ್ ಅಂತ ಬರೆದಿರುತ್ತದೆ. ಪ್ರೊಸೆಸರ್, ಕಾರ್ಡ್ ಎರಡೂ ಉಣ್ಣುವುದು ಮುಖ್ಯವಾಗಿ ಅಲ್ಲಿಂದಲೇ. 18 ಆಂಪ್ ಅಂತಿದ್ದರೆ 18 ಗುಣಿಲೆ 12, ಅಂದರೆ 216 ವಾಟ್; ಹೊರಗೆ 450 ಅಂತ ಬರೆದಿದ್ದರೂ ನಿಮ್ಮ ಉಪಯೋಗಕ್ಕೆ ಬರುವುದು ಇಷ್ಟೇ. ಒಳ್ಳೆಯ 450ರಲ್ಲಿ 12 ವೋಲ್ಟಿನ ಪಾಲು ಒಟ್ಟು ವಾಟಿಗೆ ಹತ್ತಿರ ಹತ್ತಿರ ಇರುತ್ತದೆ. 80 ಪ್ಲಸ್ ಬ್ರಾಂಜ್ ಗುರುತು ವಿದ್ಯುತ್ ಎಷ್ಟು ಪೋಲಾಗುತ್ತದೆ ಅನ್ನುವುದರ ಅಳತೆ ಮಾತ್ರ, ಬಾಳಿಕೆಗೆ ಖಾತರಿಯಲ್ಲ. ವಾರಂಟಿ ಎಷ್ಟು ವರ್ಷ, ಆ ಮಾಡೆಲನ್ನು ಯಾರಾದರೂ ಬಿಚ್ಚಿ ಪರೀಕ್ಷಿಸಿದ್ದಾರಾ, ಇವೆರಡನ್ನೂ ನೋಡಿ.

ರ‍್ಯಾಮ್ 16 ಜಿಬಿ ಸರಿ, ಆದರೆ 8ರ ಎರಡು ಹಾಕಿಸಿ. ಡಿಡಿಆರ್4-3200 ಒಂದೇ ಇದ್ದರೆ ಸೆಕೆಂಡಿಗೆ 25.6 ಜಿಬಿ, ಎರಡು ಚಾನೆಲ್ ಆದರೆ 51.2. ಜೋಡಿಸಿದ ದಿನವೇ ಮದರ್‌ಬೋರ್ಡಿನ ಸೆಟಿಂಗ್‌ಗಳಿರುವ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಎಂಬ ರ‍್ಯಾಮ್ ವೇಗದ ಸೆಟಿಂಗ್ ಆನ್ ಮಾಡಿ. ಇಲ್ಲವಾದರೆ ಎಷ್ಟೋ ಸಲ 3200ರ ರ‍್ಯಾಮ್ 2133ಕ್ಕೋ 2400ಕ್ಕೋ ಓಡುತ್ತಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ.

ಎಸ್‌ಎಸ್‌ಡಿ 1 ಟಿಬಿ ಯಾವುದಾದರೂ ಸಾಧಾರಣ, ನೇರ ಮದರ್‌ಬೋರ್ಡಿಗೇ ಸಿಕ್ಕಿಸುವ ಎನ್‌ವಿಎಂಇ. ಕ್ಯಾಬಿನೆಟ್ ಗಾಳಿ ಆಡುವಂತೆ ಮುಂದೆ ಜಾಲರಿ ಇರುವುದು, ಗಾಜು ಬೇಡ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಧೈರ್ಯವಾಗಿ ನೋಡಿ, ದುಡ್ಡು ಉಳಿಯುವುದೇ ಅಲ್ಲಿ. ಆದರೆ ನಿಮ್ಮ ಕಣ್ಣೆದುರೇ ಅರ್ಧ ಗಂಟೆ ಭಾರೀ ಗೇಮ್ ಓಡಿಸಿ ತೋರಿಸಲಿ. ತೆರೆಯ ಮೇಲೆ ಬಣ್ಣದ ಚುಕ್ಕೆ, ಗೆರೆ ಬರುತ್ತಾ, ಫ್ಯಾನ್ ಕರಕರ ಅನ್ನುತ್ತಾ, ಬಿಸಿ ಒಂದು ಮಟ್ಟದಲ್ಲಿ ನಿಲ್ಲುತ್ತಾ ನೋಡಿ. ಜಿಪಿಯು-ಝೆಡ್ ಎಂಬ, ಕಾರ್ಡಿನ ವಿವರ ತೋರಿಸುವ ಸಾಫ್ಟ್‌ವೇರ್ ತೆರೆಸಿ; ಹಳೆಯ ಚಿಪ್ಪಿಗೆ ಹೊಸ ಹೆಸರು ಬರೆದು ಮಾರುವವರಿದ್ದಾರೆ, ಅಂಥ ಕೆಲವು ಕಾರ್ಡ್‌ಗಳನ್ನು ಅದು ನಕಲಿ ಅಂತ ಗುರುತಿಸಿ ಹೇಳುತ್ತದೆ. ಎಸ್‌ಎಂಪಿಎಸ್ ಮಾತ್ರ ಹೊಸದೇ ತಗೊಳ್ಳಿ. ಅದರ ಕೆಪಾಸಿಟರ್‌ಗಳು ವರ್ಷಗಳ ಬಿಸಿಗೆ ಸವೆಯುತ್ತವೆ, ಹೊರಗಿನಿಂದ ನೋಡಿ ಅದನ್ನು ಹೇಳಲು ಬರುವುದಿಲ್ಲ.