ಕೋರಿಯಿಂದ ಕೋಳಿಗೆ ಒಂದೇ ಅಕ್ಷರ

ಕಟಪಾಡಿ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ: “ಮಗನಿಗೆ 5 ವರ್ಷ ತುಂಬಿದೆ, ಯುಕೆಜಿ, ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ತುಳು. ಗಂಡ ಗಲ್ಫ್‌ನಲ್ಲಿದ್ದಾರೆ. ಕನ್ನಡ ನಾನೇ ಕಲಿಸುತ್ತಿದ್ದೇನೆ. ‘ಅ’ಯಿಂದ ‘ಅಃ’ವರೆಗೆ ಬಾಯಿಪಾಠ ಇದೆ. ‘ಈ’ ಮಾತ್ರ ತೋರಿಸಿದರೆ ‘ಅ’ಯಿಂದ ಎಣಿಸಿಕೊಂಡು ಬರುತ್ತಾನೆ. ಬರೆಯಲು ಕೂತರೆ ಅಳು. ಮೊನ್ನೆ ಒಂದು ಪೆಟ್ಟು ಕೊಟ್ಟೆ, ರಾತ್ರಿ ನನಗೇ ನಿದ್ದೆ ಬರಲಿಲ್ಲ. ಮನೆಯಲ್ಲಿ ತುಳು ಮಾತಾಡುವುದು ನಿಲ್ಲಿಸಿ ಅಂತ ಟೀಚರ್ ಹೇಳುತ್ತಾರೆ. ಟ್ಯೂಷನ್‌ಗೆ ಹಾಕಲಾ?”

ಸಹೋದರಿ,

ಮೊದಲು ಆ ಪೆಟ್ಟಿನ ವಿಷಯ. ಅದೇ ತಪ್ಪು ನಾನೂ ಮಾಡಿದ್ದೇನೆ. ನನ್ನ ಮಗಳು ಆ ವಯಸ್ಸಿನಲ್ಲಿದ್ದಾಗ ದಿನಾ ಸಂಜೆ ಗದರಿಸಿ ಒಂದೊಂದು ಪುಟ ಬರೆಸುತ್ತಿದ್ದೆ. ಒಂದು ದಿನ ಕಾಪಿ ಪುಸ್ತಕ ಕಾಣೆಯಾಯಿತು. ವಾರ ಕಳೆದು ಕುಚ್ಚಲಕ್ಕಿ ಡಬ್ಬಕ್ಕೆ ಕೈ ಹಾಕಿದರೆ ಅಡಿಯಲ್ಲಿ ಸಿಕ್ಕಿತು. ಅಷ್ಟು ಪುಟ್ಟ ಕೈಯಲ್ಲಿ ಅಕ್ಕಿ ತೋಡಿ ಹುಗಿದಿಟ್ಟಿದ್ದಳು. ಅವತ್ತು ಅತ್ತುಬಿಟ್ಟೆ. ಮತ್ತೆಂದೂ ಹಾಗೆ ಕೂರಿಸಲಿಲ್ಲ.

ನಿಮ್ಮ ಮಗ ಎಣಿಸಿಕೊಂಡು ಬರುವುದರಲ್ಲಿ ತಪ್ಪೇನಿಲ್ಲ. ಅವನಿಗೆ ಗೊತ್ತಿರುವುದು ಹಾಡು, ಅಕ್ಷರ ಇನ್ನೂ ಗೊತ್ತಾಗಿಲ್ಲ. ನಮ್ಮ ವರ್ಣಮಾಲೆಯ 49 ಅಕ್ಷರಗಳ ಸಾಲು ಬಹಳ ಚಂದ. ‘ಕ’ ಗಂಟಲ ಹತ್ತಿರ ಹುಟ್ಟುತ್ತದೆ, ‘ಪ’ ತುಟಿಗೆ ಬಂದು ನಿಲ್ಲುತ್ತದೆ. ಆದರೆ ಅದು ಉಚ್ಚಾರ ನೋಡಿ ಜೋಡಿಸಿದ ಸಾಲು. ಮಗುವಿಗೆ ಯಾವುದು ಸುಲಭ ಅಂತ ನೋಡಿ ಮಾಡಿದ್ದಲ್ಲ. ಋ, ಙ, ಞ ಇರುವ ಮಾತು ಅವನ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತದೆ, ನೀವೇ ಹೇಳಿ.

ಸರಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದದ್ದು ಅದು. ಅಲ್ಲಿ ಮೊದಲು ಕಲಿಸುವುದು ರ, ಗ, ಸ, ದ, ಅ. ಈ 5 ಅಕ್ಷರ ಗುರುತು ಸಿಕ್ಕಿದರೆ ಸರ, ರಸ, ಅರಸ, ಅಗಸ, ಗರಗಸ ಎಲ್ಲವನ್ನೂ ಓದಬಹುದು. ಬರೀ ಅಕ್ಷರ ಅಲ್ಲ, ಮಾತನ್ನೇ ಓದಿದ ಹಾಗಾಯಿತು. ಮಗುವಿನ ಮುಖ ಅರಳುವುದು ಆ ಗಳಿಗೆಯಲ್ಲಿ.

ಇನ್ನು ತುಳು. ದಯವಿಟ್ಟು ನಿಲ್ಲಿಸಬೇಡಿ. ಆ ಟೀಚರ್ ಒಳ್ಳೆಯದಕ್ಕೇ ಹೇಳಿರಬಹುದು, ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. ಅಜ್ಜಿಯ ಹತ್ತಿರ ತುಳುವಿನಲ್ಲಿ ಉದ್ದದ ಕತೆ ಕೇಳಿ, ಮಧ್ಯೆ ಪ್ರಶ್ನೆ ಹಾಕುವ ಹುಡುಗನಿಗೆ ಓದಿಗೆ ಬೇಕಾದ ಅರ್ಧ ಬಂಡವಾಳ ಕೈಯಲ್ಲೇ ಇದೆ. ಅಕ್ಷರ ಕನ್ನಡದ್ದು, ಮೊದಲ ಪದಗಳು ಅವನವೇ ಆಗಿರಲಿ. ಪುಚ್ಚೆ (ಬೆಕ್ಕು), ಕೋರಿ (ಕೋಳಿ), ಬಂಗುಡೆ (ಮೀನು), ಬೊಂಡ (ಎಳನೀರು) ಅಂತ ಚೀಟಿಗಳಲ್ಲಿ ದೊಡ್ಡದಾಗಿ ಬರೆದುಕೊಡಿ. ಮರ ತುಳುವಿನಲ್ಲೂ ಮರವೇ. ‘ಕೋರಿ’ ಓದಲು ಬಂದವನಿಗೆ ‘ಕೋಳಿ’ ಎಷ್ಟು ದೂರ? ಒಂದೇ ಅಕ್ಷರ. ನಮ್ಮೂರಿನ ಮಕ್ಕಳಿಗೆ ಇದು ಸುಮ್ನೆ ಸಿಕ್ಕಿದ ಭಾಗ್ಯ ಅಲ್ವಾ?

ನನ್ನ ಅಮ್ಮ 4ನೇ ಕ್ಲಾಸಿನವರೆಗೆ ಓದಿದವರು. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಕೈ ಬಿಡುವಿರಲಿಲ್ಲ, ಹಾಗಾಗಿ ಪೇಪರ್ ಓದಿ ಹೇಳುವ ಕೆಲಸ ನನ್ನದು. ‘ಸರ್ಕಾರ’ವನ್ನು ನಾನು ‘ಸಕಾರ್ರ’ ಅಂತ ಓದುತ್ತಿದ್ದೆ. ಬಾಯಲ್ಲಿ ಮೊದಲು ಬರುವ ರ್, ಬರವಣಿಗೆಯಲ್ಲಿ ಹಿಂದೆ ಹೋಗಿ ಕೂರುತ್ತದೆ ನೋಡಿ, ಮಕ್ಕಳಿಗೆ ಅದು ತುಂಬಾ ಗೊಂದಲ. ಅಮ್ಮ ತಡೆಯುತ್ತಿರಲಿಲ್ಲ. ನೂಲು ಸುತ್ತುತ್ತಲೇ “ಬೊಕ್ಕ?” ಅನ್ನುತ್ತಿದ್ದರು. ಆಮೇಲೆ ಏನಾಯಿತು ಅಂತ. ಅವರಿಗೆ ನಿಜವಾಗಿಯೂ ಸುದ್ದಿ ಬೇಕಿತ್ತು. ನಾನು ಓದಿದ್ದು ಇನ್ನೊಬ್ಬರಿಗೆ ಬೇಕು ಅನ್ನುವ ಖುಷಿಯಲ್ಲೇ ಓದುತ್ತಾ ಹೋದೆ. ‘ಸರ್ಕಾರ’ ಯಾವತ್ತು ಸರಿಯಾಯಿತೋ ನೆನಪಿಲ್ಲ. ನಿಮ್ಮ ಮಗ ಎಡವಿದಾಗಲೂ ಕೂಡಲೇ ತಿದ್ದಬೇಡಿ. “ಬೊಕ್ಕ?” ಅನ್ನಿ.

ಹೊರಗೆ ಹೋದಾಗ ಬಸ್ಸಿನ ಬೋರ್ಡ್ ಅವನೇ ಓದಲಿ. ಉಡುಪಿ, ಕಾಪು, ಪಡುಬಿದ್ರಿ. ಪಡುಬಿದ್ರಿಯ ಪ, ಉಡುಪಿಯ ಪಿ, ಕಾಪುವಿನ ಪು. ಒಂದೇ ಅಕ್ಷರ, ಮೂರು ವೇಷ. ಕಾಗುಣಿತದ ಗುಟ್ಟು ಅಲ್ಲೇ ಇದೆ. ಬಸ್ ಸ್ಟಾಪಿನಲ್ಲಿ ನಿಂತು ಅಷ್ಟು ಗೊತ್ತಾದವನಿಗೆ ಮುಂದೆ ಶಾಲೆಯ ಕಾಗುಣಿತ ಭಾರ ಆಗುವುದಿಲ್ಲ.

ಬರವಣಿಗೆಗೆ ಅವಸರ ಬೇಡ. ಆ ವಯಸ್ಸಿನ ಬೆರಳುಗಳಲ್ಲಿ ಇನ್ನೂ ಬಲ ಕಡಿಮೆ, ಪೆನ್ಸಿಲ್ ಹಿಡಿದು ಪುಟ ತುಂಬಿಸಿದರೆ ಕೈ ನೋಯುತ್ತದೆ. ಅವನು ಅಳುವುದು ಸೋಮಾರಿತನದಿಂದ ಅಂದುಕೊಳ್ಳಬೇಡಿ. ಅಲಸಂಡೆ ಮುರಿಯಲಿ, ಚಪಾತಿ ಹಿಟ್ಟಿನಲ್ಲಿ ಹಾವು ಮಾಡಿ ಸುತ್ತಲಿ. ಕೊಲ್ಲೂರಿನಲ್ಲಿ ವಿಜಯದಶಮಿಗೆ ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸುತ್ತಾರಲ್ಲ, ಅದೇ ತಟ್ಟೆ ಮನೆಯಲ್ಲಿ ದಿನಾ 10 ನಿಮಿಷ ಇರಲಿ. ತಪ್ಪಿದರೆ ತಟ್ಟೆ ಅಲ್ಲಾಡಿಸಿದರಾಯಿತು. ಕೆಂಪು ಗೆರೆ ಇಲ್ಲ, ರಬ್ಬರ್ ಇಲ್ಲ.

ಅಕ್ಷರ ತಿರುಗುಮುರುಗಾಗಿ ಬರೆದರೆ ಗಾಬರಿ ಬೇಡ, ಈ ವಯಸ್ಸಿನಲ್ಲಿ ಅದು ಸಾಮಾನ್ಯ. ಹತ್ತಿರ ಹಿಡಿದು ನೋಡುತ್ತಾನಾ, ಕರೆದರೆ ಕೇಳುತ್ತದಾ ಅಂತ ಮಾತ್ರ ಗಮನಿಸಿ. ಅನುಮಾನ ಬಂದರೆ ಕಣ್ಣು, ಕಿವಿ ಈಗಲೇ ಪರೀಕ್ಷೆ ಮಾಡಿಸಿ. 2ನೇ ಕ್ಲಾಸ್ ಮುಗಿಯುತ್ತಾ ಬಂದರೂ ಸಣ್ಣ ಪದಗಳೇ ಕಷ್ಟ ಅಂತಾದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಟ್ಯೂಷನ್ ಬೇಡ. ಶಾಲೆಯಿಂದ ಬಂದ ಮಗುವಿಗೆ ಇನ್ನೊಂದು ಶಾಲೆ ಯಾಕೆ? ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು ಒಂದು ಕತೆ ಓದಿ. ಪುಸ್ತಕಕ್ಕೆ ಜಾಸ್ತಿ ಖರ್ಚಿಲ್ಲ. ಪಂಚಾಯತಿನ ಗ್ರಂಥಾಲಯಕ್ಕೆ, ಅದೇ ಈಗಿನ ಅರಿವು ಕೇಂದ್ರಕ್ಕೆ, ಅವನನ್ನೂ ಕರೆದುಕೊಂಡು ಹೋಗಿ. ಮೊಬೈಲಿನಲ್ಲಿ ಸ್ಟೋರಿವೀವರ್ ಅಂತ ಹುಡುಕಿದರೆ ಕನ್ನಡದ ಚಿತ್ರಕತೆಗಳು ಉಚಿತವಾಗಿ ಸಿಗುತ್ತವೆ. 1ನೇ ಹಂತದವು ಸಾಕು, ಪುಟಕ್ಕೆ ಕೆಲವೇ ಪದ. ಒಂದೇ ಕತೆಯನ್ನು ಹತ್ತು ಸಲ ಕೇಳಿದರೂ ಬೇಸರ ಮಾಡಬೇಡಿ. ಒಂದು ದಿನ ನಿಮಗಿಂತ ಮೊದಲು ಅವನೇ ಬೆರಳಿಟ್ಟು ಹೇಳುತ್ತಾನೆ.

ಇನ್ನೊಂದು ಮಾತು. ಶುಕ್ರವಾರ ಅಪ್ಪನಿಗೆ ರಜೆ ಇದ್ದರೆ ಅವತ್ತು ಮಗನಿಂದ ಅವರಿಗೆ ಒಂದು ಕಾಗದ ಹೋಗಲಿ. ಏನು ಹೇಳಬೇಕು ಅಂತ ಅವನನ್ನೇ ಕೇಳಿ. “ಪಪ್ಪ, ಬೇಗ ಬಲೆ” ಅನ್ನಬಹುದು, ಬೇಗ ಬನ್ನಿ ಅಂತ. ಅವನು ಹೇಳಿದ ಹಾಗೇ ತುಳುವಿನಲ್ಲೇ ನೀವು ಬರೆಯಿರಿ, ಅವನ ಎದುರಿಗೆ, ನಿಧಾನವಾಗಿ. ಕೆಳಗೆ ಜಾಗ ಬಿಡಿ. ಮನಸ್ಸಾದರೆ ಒಂದು ‘ಪ’ ಬರೆಯಲಿ, ಇಲ್ಲದಿದ್ದರೆ ಬೇಡ. ‘ಪ’ ಸೊಟ್ಟಗಾದರೂ ತಿದ್ದದೆ, ಹಾಗೇ ಫೋಟೋ ತೆಗೆದು ಅಪ್ಪನಿಗೆ ಕಳಿಸಿ.

— ಸಂಪಾದಕಿ